ಬಡಿಸುವವಳ ಸೀಸೆ

ಮದರಾಸು
14–6–1953

ಅಮ್ಮ,

ಬಂದು ಸೇರಿ ಹತ್ತು ದಿನವಾದ ಮೇಲೆ ಬರೆಯುತ್ತಿದ್ದೇನೆ, ಬೈಯಬೇಡ. ಇನ್ನು ನಾಲ್ಕು ದಿನದಲ್ಲಿ ರೈಲ್ವೆ ಪಾರ್ಸೆಲಿನಲ್ಲಿ ಒಂದು ಮರದ ಪೆಟ್ಟಿಗೆ ಬರುತ್ತದೆ. ಒಳಗೆ ಹುಲ್ಲಿನ ನಡುವೆ ನೂರು ಗಾಜಿನ ಸೀಸೆಗಳಿವೆ. ಉಪ್ಪಿನಕಾಯಿಗೆ ಚೆನ್ನಾಗಿದೆ ಎಂದು ಒಂದನ್ನೂ ಎತ್ತಿಡಬೇಡ.

ವಿಷಯ ಇಷ್ಟು. ವಿಶ್ವವಿದ್ಯಾನಿಲಯ ನಮ್ಮ ವಿಭಾಗಕ್ಕೆ ಒಂದು ಸಂಶೋಧನೆ ಒಪ್ಪಿಸಿದೆ. ಆಸ್ಪತ್ರೆಗೆ ಬರುವವರಲ್ಲಿ ಕ್ಷಯ ಎಷ್ಟಿದೆ ಎಂಬುದು ಗೊತ್ತು. ಬಾರದೆ, ಏನೋ ಸ್ವಲ್ಪ ಕೆಮ್ಮು ಎಂದುಕೊಂಡು ಮನೆಯಲ್ಲೇ ಓಡಾಡಿಕೊಂಡಿರುವವರಲ್ಲಿ ಎಷ್ಟಿದೆ ಎಂದು ಯಾರಿಗೂ ಗೊತ್ತಿಲ್ಲ. ಬಡವರ ಕೇರಿಗೆ ಎಲ್ಲರೂ ಹೋಗುತ್ತಾರೆ, ಓದಿದವರ ಬಡಾವಣೆಗೆ ಮಾತ್ರ ಯಾರೂ ಹೋಗುವುದಿಲ್ಲ, ಅವರು ಬಾಗಿಲು ತೆಗೆಯುವುದಿಲ್ಲ ಎಂದು ನಮ್ಮ ಪ್ರೊಫೆಸರ್ ಹೇಳಿದರು. ಬಸವನಗುಡಿಯಲ್ಲಿ ಬಾಗಿಲು ತೆಗೆಸುವವರು ಒಬ್ಬರಿದ್ದಾರೆ ಎಂದು ನಾನು ಹೇಳಿಬಿಟ್ಟೆ. ಅದು ನೀನು.

ದೊಡ್ಡವರು ಪ್ರತಿಯೊಬ್ಬರಿಗೂ ಒಂದು ಸೀಸೆ. ಬೆಳಗ್ಗೆ ಎದ್ದೊಡನೆ, ಹಲ್ಲುಜ್ಜುವ ಮೊದಲು, ಎದೆಯ ಆಳದಿಂದ ಕೆಮ್ಮಿ, ಬಂದ ಕಫವನ್ನು ಸೀಸೆಯಲ್ಲಿ ಉಗುಳಿ ಮುಚ್ಚಳ ಹಾಕಬೇಕು. ಸೀಸೆಯ ಮೇಲೆ ಸಂಖ್ಯೆ ಮಾತ್ರ ಇರಲಿ. ಯಾವ ಸಂಖ್ಯೆ ಯಾರದು ಎಂಬ ಪಟ್ಟಿ ನಿನ್ನ ಮತ್ತು ನನ್ನ ಹತ್ತಿರ ಬಿಟ್ಟರೆ ಯಾರ ಬಳಿಯೂ ಇರಬಾರದು.

ಅಪ್ಪನ ಕೆಮ್ಮು ಹೇಗಿದೆ? ಅದು ನಸ್ಯದ ಕೆಮ್ಮು ಎಂದು ಅವರು ಹೇಳುತ್ತಾರೆ. ರಜೆಯಲ್ಲಿ ಮೂರು ವಾರ ಗೋಡೆಯಾಚೆಯಿಂದ ಕೇಳಿದ್ದೇನೆ, ನನಗೆ ಸಮಾಧಾನವಿಲ್ಲ. ಮೊದಲನೆಯ ಸೀಸೆ ಅವರದಾಗಲಿ. ಗೋದಾ ಅವರ ಪಕ್ಕದಲ್ಲಿ ಮಲಗುತ್ತಾಳಲ್ಲ, ಅದನ್ನು ಇವತ್ತೇ ನಿಲ್ಲಿಸು. ರಾಮಾನುಜಣ್ಣ ನಮ್ಮನ್ನು ನಂಬಿ ಬಿಟ್ಟಿರುವ ಮಗು. ಅತ್ತಿಗೆಯ ಹೆರಿಗೆ, ಬಾಣಂತನ ಮುಗಿದು ಹುಬ್ಬಳ್ಳಿಯ ಅವರ ಮನೆಗೆ ಹಿಂದಿರುಗುವ ತನಕ ಗೋದಾ ನಿನ್ನ ಮಗ್ಗುಲಲ್ಲೇ ಮಲಗಲಿ, ನಿನ್ನ ಕೈಯಿಂದಲೇ ಉಣ್ಣಲಿ. ಕಾರಣವನ್ನು ಅಪ್ಪನಿಗೆ ಹೇಳಬೇಡ.

ನಿನ್ನ ಮಗಳು,
ರಂಗನಾಯಕಿ


ಬಸವನಗುಡಿ
24–6–1953

ಚಿ. ರಂಗನಾಯಕಿಗೆ,

ಉಭಯಕುಶಲೋಪರಿ ಎಂದು ಶುರು ಮಾಡಬೇಕು. ಹತ್ತು ದಿನಕ್ಕೊಂದು ಕಾಗದ ಹಾಕುವ ಮಗಳ ಕುಶಲ ನನಗೇನು ಗೊತ್ತು? ಆದ್ದರಿಂದ ಉಭಯದಲ್ಲಿ ಇಲ್ಲಿನ ಅರ್ಧ ಮಾತ್ರ ಬರೆಯುತ್ತೇನೆ. ನಾವು ಮೂವರೂ ಚೆನ್ನಾಗಿದ್ದೇವೆ.

ಪೆಟ್ಟಿಗೆಯನ್ನು ನಿಮ್ಮಪ್ಪ ಸ್ಟೇಷನ್ನಿನಿಂದ ಜಟಕಾದಲ್ಲಿ ತಂದರು. ಗಾಡಿಯವನು ಗಲಗಲ ಶಬ್ದ ಕೇಳಿ, ಅತ್ತರಿನ ಸೀಸೆಗಳೇ ಸ್ವಾಮಿ ಎಂದನಂತೆ. ಇವರು, ಇನ್ನೂ ತುಂಬಿಲ್ಲಪ್ಪ ಎಂದರಂತೆ. ಮೂವತ್ತು ವರ್ಷ ಮೇಷ್ಟರಾಗಿ ಮಕ್ಕಳನ್ನು ಹೆದರಿಸಿದವರಿಗೆ ಪೆನ್ಷನ್ ಬಂದ ಮೇಲೆ ತಮಾಷೆ ಹುಟ್ಟಿದೆ.

ನಾನು ದಿನಕ್ಕೆ ಐದಾರು ಮನೆ ಹತ್ತಿ ಇಳಿಯುತ್ತಿದ್ದೇನೆ. ಆ ಕಾಯಿಲೆಯ ಹೆಸರನ್ನು ಎಲ್ಲಿಯೂ ಎತ್ತಿಲ್ಲ. ಎದೆಯ ಪರೀಕ್ಷೆ, ಮಗಳ ಓದಿಗೆ ಬೇಕು ಎಂದಷ್ಟೇ ಹೇಳುತ್ತೇನೆ. ಹೆಸರೆತ್ತಿದರೆ ಕಾಫಿ ಕೊಟ್ಟ ಲೋಟವನ್ನು ನಾನು ಹೋದಮೇಲೆ ಬೂದಿ ಹಾಕಿ ಮೂರು ಸಲ ಉಜ್ಜುತ್ತಾರೆ. ಎದುರು ಮನೆಯ ಕಲ್ಯಾಣಮ್ಮ ಗೊತ್ತಲ್ಲ, ಚಿಕ್ಕಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿರುವ ಸಿದ್ದಬಸಪ್ಪನವರ ಹೆಂಡತಿ, ಅವರು ಐದು ಸೀಸೆ ಇಸಿದುಕೊಂಡರು. ಮಗಳು ಗಿರಿಜಾಂಬಾಗೆ ತುಮಕೂರಿನ ಕಡೆ ಮಾತುಕತೆ ನಡೆಯುತ್ತಿದೆ. ಒಳಕ್ಕೆ ಕರೆದು ಮೆಲ್ಲಗೆ, "ನಿಮ್ಮ ಮಗಳು ಓದೋದು ನಮ್ಮ ಬೀದಿಗೇ ಹೆಮ್ಮೆ ಕಣ್ರೀ. ಆದ್ರೆ ಕೊಟ್ಟಿದ್ದು ಹೊರಗೆ ಗೊತ್ತಾಗಬಾರ್ದು" ಎಂದರು. ನಮ್ಮ ದೇವರ ಮೇಲೆ ಆಣೆ ಮಾಡಿ ಬಂದಿದ್ದೇನೆ.

ಒಂದನೇ ನಂಬರು ನಿಮ್ಮಪ್ಪನದು. ಸ್ನಾನ, ಸಂಧ್ಯಾವಂದನೆ ಮುಗಿಸಿ, ನಾಮ ಇಟ್ಟುಕೊಂಡು, ಪರೀಕ್ಷೆಗೆ ಕೂರುವ ಹುಡುಗನ ಹಾಗೆ ಬಂದು ಕೊಟ್ಟರು. ಎಷ್ಟು ಅಂಕ ಬಂದರೆ ಪಾಸು ಎಂದು ಕೇಳಿದರು.

ಗೋದಾ ಈಗ ನನ್ನ ಮಗ್ಗುಲಲ್ಲೇ ಮಲಗುತ್ತಾಳೆ. ಮಗು ನಿದ್ದೆಯಲ್ಲಿ ಒದೆಯುತ್ತೆ, ನಿಮಗೆ ನಿದ್ದೆ ಸಾಲದು ಎಂದು ಇವರಿಗೆ ಸುಳ್ಳು ಹೇಳಿದೆ. ಖಾಲಿ ಹಾಸಿಗೆಯ ಮೇಲೆ ಸುಮ್ಮನೆ ಕೂತಿದ್ದರು. ಅದನ್ನು ನೋಡಲು ನನಗೆ ಆಗಲಿಲ್ಲ, ನಿನ್ನ ಮೇಲೆ ಕೋಪ ಬಂತು.

ಆಶೀರ್ವಾದಗಳೊಡನೆ,
ಭಾಗೀರಥಮ್ಮ


ಬಸವನಗುಡಿ
8–7–1953

ಚಿ. ರಂಗನಾಯಕಿಗೆ,

ಎಂಬತ್ತನಾಲ್ಕು ಸೀಸೆ ಇವತ್ತು ರೈಲು ಹತ್ತಿದವು. ಉಳಿದ ಹದಿನಾರು ಮನೆಯಲ್ಲಿವೆ. ಪಟ್ಟಿ ಈ ಲಕೋಟೆಯಲ್ಲಿದೆ. ತ್ಯಾಗರಾಜನಗರದ ತನಕ ನಡೆದಿದ್ದೇನೆ. ಯುಗಾದಿಗೆ ಹೊಲಿಸಿದ ರವಿಕೆ ಈಗ ತೋಳಲ್ಲಿ ಗಾಳಿಯಾಡುತ್ತಿದೆ. ನಿಮ್ಮ ಯೂನಿವರ್ಸಿಟಿಯವರು ನನಗೊಂದು ಹೊಸದು ಹೊಲಿಸಿಕೊಡಬೇಕು.

'ಪಟ್ಟಿಯಲ್ಲಿ ನಿನ್ನ ಹೆಸರಿಲ್ಲವಲ್ಲಮ್ಮ' ಎಂದು ಕೇಳುತ್ತೀಯೆ. ಬಡಿಸುವವಳು ಪಂಕ್ತಿಯಲ್ಲಿ ಕೂರುವುದುಂಟೇನೇ? ಎಲ್ಲರದೂ ಆದಮೇಲೆ ನೋಡೋಣ. ನನಗೆ ಒಲೆಯ ಹೊಗೆಗೆ ಬರುವ ಕೆಮ್ಮು ಬಿಟ್ಟರೆ ಬೇರೇನೂ ಇಲ್ಲ.

ನಿಮ್ಮಪ್ಪನ ಕೆಮ್ಮು ಹಾಗೇ ಇದೆ. ಎರಡು ಕೆಮ್ಮಿನ ನಡುವೆ ಎಷ್ಟು ಹೊತ್ತು ಬಿಟ್ಟರು ಎಂದು ಸಾರು ಕುದಿಸುತ್ತಾ ಕೂಡ ಲೆಕ್ಕ ಹಾಕುತ್ತಿರುತ್ತೇನೆ. ನೀನು ಆ ಮಾತು ಬರೆಯುವ ತನಕ ಅದು ನನಗೆ ಕೇಳಿಸುತ್ತಲೇ ಇರಲಿಲ್ಲ. ಒಂದನೇ ನಂಬರನ್ನು ಮೊದಲು ನೋಡಿ, ಉಳಿದದ್ದು ಕಾದರೂ ಸರಿ, ಒಂದು ಕಾರ್ಡು ಹಾಕು. ಮೂರು ವರ್ಷದ ಮಗುವನ್ನು ಮನೆಯಲ್ಲಿ ಇಟ್ಟುಕೊಂಡಿದ್ದೇನೆ.

ನಿನ್ನ ಅಮ್ಮ


ಮದರಾಸು
27–7–1953

ಅಮ್ಮ,

ಕಾರ್ಡು ಹಾಕಲಿಲ್ಲ, ಕ್ಷಮಿಸು. ಒಂದನೇ ನಂಬರನ್ನು ಮೊದಲ ದಿನವೇ ನೋಡಿದೆ. ಗಾಜಿನ ಪಟ್ಟಿಯ ಮೇಲೆ ಸವರಿ ಬಣ್ಣ ಕಟ್ಟಿದರೆ ಎಲ್ಲವೂ ನೀಲಿಯಾಗಿ ಕಾಣುತ್ತದೆ, ಕ್ಷಯದ ಕ್ರಿಮಿ ಇದ್ದರೆ ಅದು ಮಾತ್ರ ಸಣ್ಣ ಕೆಂಪು ಗೀರಾಗಿ ಉಳಿದುಕೊಳ್ಳುತ್ತದೆ. ಅಪ್ಪನದರಲ್ಲಿ ಕೆಂಪು ಇಲ್ಲ. ಮೂರು ಪಟ್ಟಿ ಮಾಡಿ ನೋಡಿದೆ. ಇಲ್ಲ.

ಆದರೂ ಬರೆಯಲು ಧೈರ್ಯ ಬರಲಿಲ್ಲ. ಉಳಿದ ಎಂಬತ್ತಮೂರೂ ಮುಗಿಯಲಿ ಎಂದು ಕಾದೆ. ನಿನ್ನೆ ಮುಗಿದವು. ಒಂದರಲ್ಲಿಯೂ ಇಲ್ಲ.

ಇದನ್ನು ಓದಿ ನೀನು ಸಂತೋಷಪಡುತ್ತೀಯೆ. ನಾನೂ ಪಡಬೇಕು. ಪ್ರೊಫೆಸರ್ ಮಾತ್ರ ನನ್ನ ವರದಿಯನ್ನು ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎಂಬತ್ತನಾಲ್ಕು ಜನರಲ್ಲಿ ಒಬ್ಬರಿಗೂ ಇಲ್ಲದಿರಬಹುದು, ಆದರೆ ಎಂಬತ್ತನಾಲ್ಕು ಜನರಲ್ಲಿ ಒಬ್ಬರಿಗೂ ಕಫವೇ ಇಲ್ಲದಿರುವುದು ಹೇಗೆ, ಇದೆಲ್ಲ ತೆಳ್ಳಗೆ ನೀರಿನ ಹಾಗಿದೆಯಲ್ಲ ಎಂದು ಕೇಳಿದರು.

ಅಮ್ಮ, ಕೋಪಿಸಿಕೊಳ್ಳದೆ ನೆನಪು ಮಾಡಿಕೊಂಡು ಬರೆ. ಜನ ಹೇಗೆ ಕೊಟ್ಟರು? ಯಾವ ಹೊತ್ತಿನಲ್ಲಿ? ನೀನು ಅವರಿಗೆ ಏನು ಹೇಳಿದೆ?

ರಂಗನಾಯಕಿ


ಬಸವನಗುಡಿ
1–8–1953

ಚಿ. ರಂಗನಾಯಕಿಗೆ,

ನಿನ್ನ ಕಾಗದ ಬಂದಾಗ ನಾನು ಬೇಳೆ ಆರಿಸುತ್ತಿದ್ದೆ. 'ಇಲ್ಲ' ಎಂಬ ಕಡೆಯವರೆಗೆ ಓದಿ, ಮೊರವನ್ನು ಪಕ್ಕಕ್ಕಿಟ್ಟು ಅತ್ತುಬಿಟ್ಟೆ. ಆ ಬೇಳೆ ಒಬ್ಬಟ್ಟಾಯಿತು. ಕಲ್ಯಾಣಮ್ಮನವರಿಗೂ ನಾಲ್ಕು ಕೊಟ್ಟು, ನಿಮ್ಮನೇಲಿ ಏನೂ ಇಲ್ಲ ಎಂದು ಕಿವಿಯಲ್ಲಿ ಹೇಳಿದೆ. ಅವರ ಮುಖ ಅರಳಿತು. ಗೋದಾಳನ್ನು ಎರಡು ದಿನ ನಿಮ್ಮಪ್ಪನ ಪಕ್ಕದಲ್ಲಿ ಮಲಗಿಸಿದೆ. ಅವಳಿಗೆ ಈಗ ನನ್ನ ಸೆರಗೇ ಅಭ್ಯಾಸವಾಗಿದೆ, ಅರ್ಧ ನಿದ್ದೆಯಲ್ಲಿ ಎದ್ದು ಬಂದುಬಿಟ್ಟಳು.

ಇನ್ನು ನಿಮ್ಮ ಪ್ರೊಫೆಸರ ಪ್ರಶ್ನೆ. ಅವರು ನಮ್ಮನ್ನು ಏನೆಂದು ತಿಳಿದಿದ್ದಾರೆ? ನೀನು ಹಲ್ಲುಜ್ಜುವ ಮೊದಲು ಎಂದು ಬರೆದಿದ್ದೆ. ಓದಿದಾಗಲೇ ನನಗೆ ಹೇಸಿಕೆಯಾಯಿತು. ಬಾಯಿ ತೊಳೆಯದೆ ಒಂದು ಗುಟುಕು ನೀರು ಕುಡಿಯದ ಜನ ನಾವು. ರಾತ್ರಿಯ ಎಂಜಲನ್ನು ಸೀಸೆಯಲ್ಲಿ ಹಾಕಿಕೊಡಿ ಎಂದು ಕಲ್ಯಾಣಮ್ಮನವರಿಗೆ ಯಾವ ಬಾಯಲ್ಲಿ ಹೇಳಲಿ? ಅದನ್ನು ಸರಸ್ವತಿ ಇರುವ ಜಾಗಕ್ಕೆ ಹೇಗೆ ಕಳಿಸಲಿ? ಆಸ್ಪತ್ರೆಯ ಜನಕ್ಕೆ ಮಡಿಯಿಲ್ಲ, ಮಗಳೂ ಅವರ ಜೊತೆ ಸೇರಿ ಮರೆತಿದ್ದಾಳೆ ಎಂದುಕೊಂಡು ಆ ಒಂದು ಮಾತನ್ನು ನಾನೇ ತಿದ್ದಿದೆ. ಹಲ್ಲುಜ್ಜಿ, ನಾಲಿಗೆ ಕೆರೆದು, ಗಂಟಲು ಚೆನ್ನಾಗಿ ಕ್ಯಾಕರಿಸಿ ಬಚ್ಚಲಲ್ಲಿ ಉಗಿದು, ಸ್ನಾನ ಮಾಡಿ, ತುಳಸಿ ನೀರಲ್ಲಿ ಬಾಯಿ ಮುಕ್ಕಳಿಸಿ ಆಮೇಲೆ ಕೊಡಿ ಎಂದು ಮನೆಮನೆಗೆ ಹೇಳಿದೆ. ಎಲ್ಲರೂ ಹಾಗೆಯೇ ಮಾಡಿದರು. ಬಸವನಗುಡಿಯಿಂದ ಕೊಳಕು ಬಂತು ಎಂದು ಅಲ್ಲಿ ಯಾರೂ ಹೇಳಬಾರದು. ನಿನ್ನ ಮಾನ ಕಾಪಾಡಿದ್ದಕ್ಕೆ ಈಗ ನನಗೇ ವಿಚಾರಣೆ.

ಭಾಗೀರಥಮ್ಮ


ಮದರಾಸು
6–8–1953

ಅಮ್ಮ,

ನಿನ್ನ ಕಾಗದವನ್ನು ಪ್ರೊಫೆಸರಿಗೆ ಓದಿ ಹೇಳಿದೆ. ಅವರು ಬೈಯಲಿಲ್ಲ.

ರಾತ್ರಿಯೆಲ್ಲ ಎದೆಯಲ್ಲಿ ಕಟ್ಟಿಕೊಂಡಿರುವ ಕಫದಲ್ಲೇ ಕ್ರಿಮಿ ಇರುವುದು. ಅದನ್ನು ಎಲ್ಲರೂ ನೀನು ಹೇಳಿದಂತೆ ಕ್ಯಾಕರಿಸಿ ಬಚ್ಚಲಿಗೆ ಉಗಿದರು. ಸೀಸೆಗೆ ಬಂದದ್ದು ತುಳಸಿ ನೀರು ಬೆರೆತ ಬಾಯಿನೀರು. ಎಂಜಲು ಬೇಡ ಎಂದು ನೀನು ಅಂದುಕೊಂಡೆ, ನನಗೆ ತಲುಪಿದ್ದು ಬರಿ ಎಂಜಲು. ಎಂಬತ್ತನಾಲ್ಕು ಉತ್ತರಗಳಲ್ಲಿ ಒಂದನ್ನೂ ನಂಬುವಂತಿಲ್ಲ. ಅಪ್ಪನದನ್ನೂ.

ತಪ್ಪು ನಿನ್ನದು ಎಂದು ಹೇಳಲಾರೆ. ಆ ಮನೆಯಲ್ಲೇ ಹುಟ್ಟಿ, ಹಲ್ಲುಜ್ಜದೆ ಒಲೆಯ ಹತ್ತಿರ ಸುಳಿದದ್ದಕ್ಕೆ ನಿನ್ನಿಂದ ಏಟು ತಿಂದವಳು ನಾನು. ಅಪ್ಪ ಸ್ನಾನ ಮುಗಿಸಿ ಬಂದು ಕೊಟ್ಟರು ಎಂದು ನೀನು ಬರೆದಾಗಲೇ, ನೀನು ಇದನ್ನು ತಿದ್ದಿದ್ದೀಯೆ ಎಂದು ನನಗೆ ಹೊಳೆಯಬೇಕಿತ್ತು.

ಇನ್ನೊಂದು ವಿಷಯ ಹೇಳದೆ ಮುಚ್ಚಿಟ್ಟಿದ್ದೆ. ಪ್ರೊಫೆಸರ್ ಬಸವನಗುಡಿ ಬೇಕು ಎಂದು ಕೇಳಿರಲಿಲ್ಲ. ನಾನೇ ಕಾಡಿ ಬೇಡಿ ಒಪ್ಪಿಸಿದೆ. ಅಪ್ಪ ಡಾಕ್ಟರ ಹತ್ತಿರ ಹೋಗುವವರಲ್ಲ, ಮಗಳ ಓದಿಗೆ ಎಂದರೆ ಕೊಡುತ್ತಾರೆ ಎಂದುಕೊಂಡೆ. ನೂರು ಸೀಸೆಗಳಲ್ಲಿ ನನಗೆ ಬೇಕಾಗಿದ್ದುದು ಒಂದೇ. ಆ ಒಂದಕ್ಕಾಗಿ ನಿನ್ನನ್ನು ತ್ಯಾಗರಾಜನಗರದ ತನಕ ನಡೆಸಿದೆ.

ಮತ್ತೆ ಹೋಗಿ ಕೇಳಬೇಕು ಅಮ್ಮ. ಆಗದಿದ್ದರೆ ಬೀದಿಯವರನ್ನು ಬಿಡು, ಅಪ್ಪನದನ್ನಾದರೂ ಕಳಿಸು. ಗೋದಾಳನ್ನು ಮತ್ತೆ ನಿನ್ನ ಮಗ್ಗುಲಿಗೆ ಹಾಕಿಕೋ. ದಯವಿಟ್ಟು ಈ ಸಲ ಒಂದು ಮಾತನ್ನೂ ತಿದ್ದಬೇಡ.

ರಂಗನಾಯಕಿ


ಬಸವನಗುಡಿ
24–8–1953

ಚಿ. ರಂಗನಾಯಕಿಗೆ,

ಹದಿನೆಂಟು ದಿನ ಬರೆಯಲಿಲ್ಲ. ಮೊದಲ ನಾಲ್ಕು ದಿನ ನಿನ್ನ ಮೇಲೆ ಕೋಪವಿತ್ತು. ಆಮೇಲೆ ನನ್ನ ಮೇಲೆ ಬಂತು. ಅದಕ್ಕೆ ಇನ್ನೂ ಮದ್ದು ಸಿಕ್ಕಿಲ್ಲ.

ನಾನು ಮತ್ತೆ ಹೊರಟೆ. ಮೊದಲ ಸಲ ಸೀಸೆ ತಂದಾಗ ಜನ ನಿನ್ನ ಓದು ಎಂದುಕೊಂಡರು. ಎರಡನೇ ಸಲ ಅದೇ ಸೀಸೆ ಹಿಡಿದು ಬಂದರೆ ಏನೆಂದುಕೊಳ್ಳುತ್ತಾರೆ? ನಮ್ಮ ಮನೆಯದರಲ್ಲಿ ಏನೋ ಸಿಕ್ಕಿದೆ, ಅದಕ್ಕೇ ಮತ್ತೆ ಬಂದಿದ್ದಾಳೆ ಎಂದೇ. ಕುಂಬಳಕಾಯಿ ಕಳ್ಳ ಎಂದರೆ ಬೀದಿಯಲ್ಲಿ ಎಲ್ಲರೂ ಹೆಗಲು ಮುಟ್ಟಿ ನೋಡಿಕೊಂಡರು. ಹೇಳಿದ್ದು ನನ್ನ ತಪ್ಪು, ಮುಕ್ಕಳಿಸಬಾರದಿತ್ತು ಎಂದು ಎಷ್ಟು ಹೇಳಿದರೂ ನಂಬುವುದಿಲ್ಲ. ಹಲ್ಲುಜ್ಜದೆ ಕೊಡಿ ಎಂದಾಗ ಒಬ್ಬರು ನಕ್ಕರು, ಇಬ್ಬರು ಮೂಗು ಮುಚ್ಚಿಕೊಂಡರು, ಒಬ್ಬರು ಕಿಟಕಿಯಲ್ಲಿ ನೋಡಿ ಬಾಗಿಲನ್ನೇ ತೆಗೆಯಲಿಲ್ಲ.

ಕಲ್ಯಾಣಮ್ಮನವರು ಬಾಗಿಲಲ್ಲೇ ನಿಲ್ಲಿಸಿ, "ಒಬ್ಬಟ್ಟು ತಂದ್ಕೊಟ್ಟು ಏನೂ ಇಲ್ಲ ಅಂದ್ರಿ. ಈಗ ಇದೆ ಅಂತೀರಾ? ತುಮಕೂರಿನೋರ ಕಿವಿಗೆ ಬಿದ್ರೆ ನಮ್ಮ ಹುಡುಗಿ ಗತಿ ಏನ್ರೀ?" ಎಂದರು. ಇದೆ ಎನ್ನುತ್ತಿಲ್ಲ, ಗೊತ್ತಿಲ್ಲ ಎನ್ನುತ್ತಿದ್ದೇನೆ ಎಂದೆ. ಗೊತ್ತಿಲ್ಲದಿರುವುದೇ ಒಳ್ಳೆಯದು ಎಂದು ಒಳಗೆ ಹೋದರು. ಶುಕ್ರವಾರ ವರಮಹಾಲಕ್ಷ್ಮಿ ಹಬ್ಬಕ್ಕೆ ಕುಂಕುಮಕ್ಕೆ ಕರೆದೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವರು ಬರಲಿಲ್ಲ. ಅವರಿಗಾಗಿ ಎತ್ತಿಟ್ಟ ತಾಂಬೂಲ ಒಣಗಿತು.

ನಿಮ್ಮಪ್ಪನಂತೂ, ಪಾಸಾದ ಹುಡುಗನನ್ನು ಯಾವ ಸ್ಕೂಲಿನಲ್ಲಿ ಮತ್ತೆ ಪರೀಕ್ಷೆಗೆ ಕೂರಿಸುತ್ತಾರೆ ಎಂದು ವಾದ ಹೂಡಿದ್ದಾರೆ. ಬಾಯಿ ತೊಳೆಯದೆ ಎಂದಾಗ ಪೇಪರು ಮಡಿಸಿ ಎದ್ದು ಹೋದರು. ಮರುದಿನದಿಂದ ನನಗೆ ಕೇಳಿಸದಿರಲಿ ಎಂದು ಹಿತ್ತಲಿಗೆ ಹೋಗಿ ಕೆಮ್ಮುತ್ತಾರೆ. ಕೇಳಿಸುತ್ತದೆ.

ಸಾಯಂಕಾಲವಾದರೆ ಕೈಕಾಲು ಬಿದ್ದುಹೋಗುತ್ತವೆ, ಸಣ್ಣಗೆ ಚಳಿ ಬರುತ್ತದೆ. ಬೀದಿ ಸುತ್ತಿದ ಆಯಾಸ. ಗೋದಾಳನ್ನು ತಬ್ಬಿಕೊಂಡು ಬೇಗ ಮಲಗಿಬಿಡುತ್ತೇನೆ.

ನಿನ್ನ ಅಮ್ಮ


ಬಸವನಗುಡಿ
5–9–1953

ಚಿ. ರಂಗನಾಯಕಿಗೆ,

ಪೆಟ್ಟಿಗೆ ಬೇಕಾಗಲಿಲ್ಲ. ಎರಡೇ ಸೀಸೆ. ಬಟ್ಟೆಯಲ್ಲಿ ಸುತ್ತಿ ಬಿಸ್ಕತ್ತಿನ ಡಬ್ಬದಲ್ಲಿ ಕಳಿಸಿದ್ದೇನೆ. ಬೀದಿಯಲ್ಲಿ ಒಬ್ಬರೂ ಕೊಡಲಿಲ್ಲ.

ನಿಮ್ಮಪ್ಪನನ್ನು ಹೇಗೆ ಒಪ್ಪಿಸಿದೆ ಎಂದು ಕೇಳುತ್ತೀಯೆ. ಒಪ್ಪಿಸಲಿಲ್ಲ. ಮೊನ್ನೆ ಬೆಳಗ್ಗೆ ಅವರು ಹಿತ್ತಲ ಬಾಗಿಲು ತೆಗೆಯುವ ಹೊತ್ತಿಗೆ ನಾನು ಬಾವಿಕಟ್ಟೆಯ ಮೇಲೆ ಕೂತಿದ್ದೆ. ಹಲ್ಲುಜ್ಜಿರಲಿಲ್ಲ, ಮುಖ ತೊಳೆದಿರಲಿಲ್ಲ, ತಲೆ ಕೆದರಿತ್ತು. ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ಅವರು ನನ್ನನ್ನು ಹಾಗೆ ನೋಡಿದವರಲ್ಲ. ಅವರ ಕಣ್ಣೆದುರಿಗೇ ಎದೆ ಹಿಡಿದುಕೊಂಡು ಕೆಮ್ಮಿ ಸೀಸೆಗೆ ಉಗುಳಿದೆ. ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು. ಮುಚ್ಚಳ ಹಾಕಿ, "ನನ್ನ ಮಾನ ಹೋಯ್ತು. ನಿಮ್ಮದೇನು ಜಾಸ್ತಿ?" ಎಂದು ಇನ್ನೊಂದನ್ನು ಅವರ ಕೈಗೆ ಕೊಟ್ಟೆ.

ಅವರು ಗೋಡೆಯ ಕಡೆ ತಿರುಗಿ ಕೊಟ್ಟರು.

ಒಂದನೇ ನಂಬರು ಅವರದೇ. ಎಂಬತ್ತೈದು ಎಂದು ಬರೆದಿರುವುದು ನನ್ನದು. ಅವರಿಗೆ ಧೈರ್ಯ ಬರಲಿ ಎಂದು ಕೊಟ್ಟದ್ದು, ನಿನಗೆ ಬೇಡವಾದರೆ ಚೆಲ್ಲಿಬಿಡು. ಒಂದನೆಯದನ್ನು ಮಾತ್ರ ಚೆನ್ನಾಗಿ ನೋಡು. ರಾಮಾನುಜನಿಗೆ ಗಂಡು ಮಗು ಹುಟ್ಟಿದೆ ಎಂದು ನಿನ್ನೆ ಕಾಗದ ಬಂತು. ಗೋದಾಳನ್ನು ಕರೆದುಕೊಂಡು ಹೋಗಲು ಬರುವಾಗ ನಾನು ಅವನಿಗೆ ಏನು ಹೇಳಲಿ ಎಂಬ ಯೋಚನೆಯಲ್ಲೇ ಇದ್ದೇನೆ.

ನಿನ್ನ ಅಮ್ಮ


ಮದರಾಸು
14–9–1953

ತೀರ್ಥರೂಪ ಅಪ್ಪನವರಿಗೆ,

ನಾನು ಹಾಸ್ಟೆಲಿಗೆ ಬಂದಾಗಿನಿಂದ ಎಲ್ಲ ಕಾಗದಗಳನ್ನೂ ಅಮ್ಮನಿಗೇ ಬರೆದಿದ್ದೇನೆ. ಇದು ನಿಮಗೆ. ಓದುವಾಗ ಒಬ್ಬರೇ ಇರಿ.

ನಿಮ್ಮ ಕಫವನ್ನು ಮೂರು ದಿನ, ಆರು ಗಾಜಿನ ಪಟ್ಟಿಗಳ ಮೇಲೆ ಸವರಿ ನೋಡಿದೆ. ಪ್ರೊಫೆಸರೂ ನೋಡಿದರು. ಏನೂ ಇಲ್ಲ. ಅದು ನಿಜವಾಗಿಯೂ ನಸ್ಯದ ಕೆಮ್ಮು. ನಸ್ಯ ಬಿಡಿ.

ಎಂಬತ್ತೈದನೆಯದನ್ನು ಕೊನೆಗೆ ನೋಡಿದೆ. ಸುಮ್ಮನೆ, ಕೈ ಖಾಲಿ ಇತ್ತೆಂದು. ಮೊದಲ ನೋಟದಲ್ಲೇ ಕೆಂಪು ಗೀರುಗಳು ಕಂಡವು. ಹುಡುಕಬೇಕಾಗಲಿಲ್ಲ ಅಪ್ಪ, ಎಲ್ಲೆಲ್ಲೂ ಇದ್ದವು. ಸೀಸೆ ಅದಲುಬದಲಾಗಿದೆಯೇನೋ ಎಂದು ಮುಚ್ಚಳದ ಮೇಲಿನ ಅಮ್ಮನ ಕೈಬರಹವನ್ನು ನಾಲ್ಕು ಸಲ ಓದಿದೆ.

ರವಿಕೆ ಸಡಿಲ, ಒಲೆಯ ಹೊಗೆ, ಸಂಜೆಯ ಚಳಿ ಎಂದು ಅವಳು ಎಲ್ಲವನ್ನೂ ಬರೆದಿದ್ದಾಳೆ. ಆ ಕಾಗದಗಳನ್ನು ಇವತ್ತು ಮತ್ತೆ ತೆಗೆದು ಓದಿದೆ. ಬೇರೆ ಯಾರ ವಿಷಯದಲ್ಲಿ ಓದಿದ್ದರೂ ನನಗೆ ತಿಳಿಯುತ್ತಿತ್ತು. ನಾನು ನಿಮ್ಮ ಕೆಮ್ಮಿಗೇ ಕಿವಿ ಕೊಟ್ಟುಕೊಂಡಿದ್ದೆ.

ಮಗುವನ್ನು ನಿಮ್ಮ ಪಕ್ಕದಿಂದ ಎಬ್ಬಿಸಿ ಅಮ್ಮನ ಮಗ್ಗುಲಿಗೆ ಹಾಕಿಸಿದವಳು ನಾನು. ಅವಳ ಕೈಯಿಂದಲೇ ಉಣ್ಣಲಿ ಎಂದವಳೂ ನಾನು. ಮೂರು ತಿಂಗಳಾಯಿತು. ಗೋದಾಳನ್ನು ಈ ಕಾಗದ ಓದಿದ ತಕ್ಷಣ ಬೇರೆ ಮಲಗಿಸಿ. ಗಾಂಧಿಬಜಾರಿನ ಡಾಕ್ಟರ್ ಪಂಚಾಕ್ಷರಯ್ಯನವರಿಗೆ ಬೇರೆ ಕಾಗದ ಬರೆದಿದ್ದೇನೆ. ಅವರು ಮಗುವಿನ ಮುಂಗೈಗೆ ಒಂದು ಸಣ್ಣ ಸೂಜಿ ಹಾಕುತ್ತಾರೆ. ಮೂರನೆಯ ದಿನ ಅಲ್ಲಿ ಊದಿಕೊಂಡರೆ ಕ್ರಿಮಿ ಅವಳ ಮೈ ಸೇರಿದೆ ಎಂದು ಅರ್ಥ. ಅಮ್ಮನಿಗೆ ಈಗ ಔಷಧಿ ಇದೆ. ಇಂಜೆಕ್ಷನ್ ಇದೆ, ಕಳೆದ ವರ್ಷದಿಂದ ಹೊಸ ಮಾತ್ರೆಯೂ ಬಂದಿದೆ. ವಾಸಿಯಾಗುತ್ತದೆ. ಅವಳಿಗೆ ಹೇಗೆ ಹೇಳಬೇಕೆಂದು ನನಗೆ ತಿಳಿಯುತ್ತಿಲ್ಲ, ನೀವೇ ಹೇಳಿ.

ರಂಗನಾಯಕಿ


ಬಸವನಗುಡಿ
24–9–1953

ಚಿ. ರಂಗನಾಯಕಿಗೆ ಚಕ್ರಪಾಣಿಯ ಆಶೀರ್ವಾದ.

ನಿನ್ನ ತಾಯಿಗೆ ನಾನು ಹೇಳಬೇಕಾಗಲಿಲ್ಲ. ಪೋಸ್ಟಿನವನು ಕಾಗದವನ್ನು ಅವಳ ಕೈಗೇ ಕೊಟ್ಟಿದ್ದ. ಅವಳು ಒಡೆಯದೆ ತಂದು ಕೊಟ್ಟು, ನಾನು ಓದಿ ಮುಗಿಸುವ ತನಕ ಕಂಬಕ್ಕೊರಗಿ ನಿಂತಿದ್ದಳು. ಆಮೇಲೆ, "ಹೋದ ಸೀಸೆ ಎರಡು. ಕಾಗದ ನಿಮ್ಮ ಹೆಸರಿಗೆ ಬಂದಿದೆ. ಅಂದ್ಮೇಲೆ ನಂದೇ ಅಲ್ವಾ?" ಎಂದಳು. ನಾನು ತಲೆಯಾಡಿಸಿದೆ. ಅವಳು ಮೊದಲು ಮಾಡಿದ ಕೆಲಸವೆಂದರೆ ಗೋದಾಳ ಕೈಲಿದ್ದ ತನ್ನ ಸೆರಗನ್ನು ಬಿಡಿಸಿಕೊಂಡದ್ದು.

ಎಕ್ಸ್-ರೇ ಆಯಿತು. ಬಲಗಡೆ ಮೇಲ್ಭಾಗದಲ್ಲಿ ನೆರಳಿದೆ. ಸ್ಯಾನಿಟೋರಿಯಂನಲ್ಲಿ ಹಾಸಿಗೆ ಖಾಲಿ ಇಲ್ಲದ ಕಾರಣ ಮನೆಯಲ್ಲೇ ಇಂಜೆಕ್ಷನ್ ಶುರುವಾಗಿದೆ. ಅವಳು ಬೀದಿಯ ಕಡೆಯ ಕೋಣೆಯಲ್ಲಿದ್ದಾಳೆ.

ಮಗುವಿಗೆ ಸೂಜಿ ಹಾಕಿಸಿದೆ. ಮೂರನೆಯ ದಿನ ಡಾಕ್ಟರ ಜೊತೆ ನಾನೂ ನನ್ನ ಸ್ಕೂಲಿನ ಅಡಿಕೋಲು ಇಟ್ಟು ನೋಡಿದೆ. ಊತವಿಲ್ಲ. ಆದರೆ ಈಗಲೇ ನಂಬುವಂತಿಲ್ಲ, ತಡವಾಗಿಯೂ ಕಾಣಿಸಿಕೊಳ್ಳಬಹುದು, ಎರಡು ತಿಂಗಳು ಬಿಟ್ಟು ಮತ್ತೆ ಹಾಕಬೇಕು ಎಂದರು. ಅಲ್ಲಿಯವರೆಗೆ ಕಾಯಬೇಕು. ರಾಮಾನುಜ ಬಂದಿದ್ದ. ಹಸುಗೂಸಿರುವ ಮನೆಗೆ ಈಗಲೇ ಕರೆದೊಯ್ಯಲು ಅವನಿಗೆ ಧೈರ್ಯವಾಗಲಿಲ್ಲ. ಇಲ್ಲಿಯೂ ಇಡುವಂತಿಲ್ಲ. ಮಗು ಎಲ್ಲಿರಬೇಕೆಂಬುದು ಒಂದು ದಿನ ದೊಡ್ಡ ಪ್ರಶ್ನೆಯಾಗಿತ್ತು. ಅದು ಹೇಗೆ ಪರಿಹಾರವಾಯಿತೆಂದು ನಿನ್ನ ತಾಯಿಯೇ ಬರೆಯುತ್ತಾಳಂತೆ, ನಾನು ಬರೆಯಕೂಡದಂತೆ.

ನೀನು ನಿನ್ನನ್ನು ಬೈದುಕೊಂಡಿದ್ದೀಯೆ. ಲೆಕ್ಕ ತಪ್ಪು ಮಾಡಿದ ಹುಡುಗನಿಗೆ ನಾನು ಎಂದೂ ಹೊಡೆದವನಲ್ಲ, ಇನ್ನೊಂದು ಸಲ ಮಾಡು ಎಂದು ಸ್ಲೇಟು ಒರೆಸಿ ಕೊಟ್ಟಿದ್ದೇನೆ. ನಸ್ಯದ ಡಬ್ಬಿಯನ್ನು ಬಾವಿಗೆ ಹಾಕಿದೆ.

ಚಕ್ರಪಾಣಿ


ಬಸವನಗುಡಿ
4–12–1953

ಚಿ. ರಂಗನಾಯಕಿಗೆ,

ಎರಡು ತಿಂಗಳು ಬರೆಯಬೇಕು ಬರೆಯಬೇಕು ಎಂದುಕೊಂಡೆ. ಇವತ್ತಿನ ತನಕ ಕಾಯದೆ ಬರೆಯಲು ಮನಸ್ಸು ಬರಲಿಲ್ಲ. ನಾನು ಮುಟ್ಟಿದ ಕಾಗದವನ್ನು ನೀನು ಮುಟ್ಟಬಹುದೇ ಎಂದು ಡಾಕ್ಟರನ್ನು ಕೇಳಿಯೇ ಬರೆಯುತ್ತಿದ್ದೇನೆ.

ನನ್ನ ತಟ್ಟೆ ಬೇರೆ, ಲೋಟ ಬೇರೆ, ಹಾಸಿಗೆ ಬೇರೆ. ದಿನವೂ ತಟ್ಟೆ ಲೋಟ ಕುದಿಸುತ್ತಾರೆ. ನನ್ನ ಅತ್ತೆಯವರ ಮಡಿಗೂ ಇಷ್ಟು ನೇಮವಿರಲಿಲ್ಲ. ನಿಮ್ಮಪ್ಪ ಅಡಿಗೆ ಕಲಿತಿದ್ದಾರೆ. ಸಾರಿಗೆ ಎರಡು ಸಲ ಉಪ್ಪು ಹಾಕಿ, ಬಾಗಿಲ ಬಳಿ ಇಟ್ಟು, ನಾನು ಉಂಡು ಮುಗಿಸುವ ತನಕ ಆಚೆ ಕೂತಿರುತ್ತಾರೆ. ಆಮೇಲೆ ಅವರ ಊಟ. ಮೂವತ್ತೆಂಟು ವರ್ಷವಾದ ಮೇಲೆ ನಾನು ಮೊದಲ ಪಂಕ್ತಿಯಲ್ಲಿ ಕೂತಿದ್ದೇನೆ.

ರಾಮಾನುಜ ಬರಿಗೈಲಿ ಹೋದ ದಿನ ನಾನು ಕಿಟಕಿಯ ಹತ್ತಿರ ಕೂತಿದ್ದೆ. ಎದುರು ಮನೆಯಲ್ಲಿ ಕಲ್ಯಾಣಮ್ಮನವರು ಹೊಸಿಲಿಗೆ ರಂಗೋಲಿ ಹಾಕುತ್ತಿದ್ದರು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎನ್ನಿಸಿತು. ಬೀದಿಗೆ ಕೇಳಿಸುವ ಹಾಗೆಯೇ ಹೇಳಿದೆ: "ಕಲ್ಯಾಣಮ್ಮನವ್ರೇ, ಯಾರ ಮನೇಲಿ ಇದೆ ಅಂತ ಗೊತ್ತಾಯ್ತು. ನಮ್ಮನೇಲಿ. ನನಗೇ ಕ್ಷಯ." ಆ ಪದವನ್ನು ನಾನು ಬಾಯಲ್ಲಿ ಆಡಿದ್ದು ಅದೇ ಮೊದಲು. ಅವರು ಕೈಯಲ್ಲಿ ರಂಗೋಲಿ ಪುಡಿ ಹಿಡಿದುಕೊಂಡೇ ಒಳಗೆ ಹೋದರು. ಬಾಗಿಲು ಹಾಕಿದ ಶಬ್ದ ಕೇಳಿತು. ಆ ದಿನ ನಾನು ಬಹಳ ಅತ್ತೆ.

ಮಾರನೆಯ ಬೆಳಗ್ಗೆ ನಮ್ಮ ಗೇಟಿನ ಹತ್ತಿರ ಯಾರೋ ಕೆಮ್ಮಿದರು. ನೋಡಿದರೆ ಅವರೇ. ತಲೆ ಬಾಚಿಲ್ಲ, ಮುಖ ತೊಳೆದಿಲ್ಲ, ಹಣೆಯಲ್ಲಿ ವಿಭೂತಿಯೂ ಇಲ್ಲ. ಕೈ ಚಾಚಿದರು. ನಿಮ್ಮಪ್ಪ ಉಳಿದಿದ್ದ ಸೀಸೆಗಳಲ್ಲಿ ಒಂದನ್ನು ತಂದು ಕೊಟ್ಟರು. ಅಲ್ಲೇ ಗೋಡೆಯ ಮರೆಗೆ ಹೋಗಿ ಕೊಟ್ಟು, ಮುಚ್ಚಳ ಹಾಕಿ ಕಟ್ಟೆಯ ಮೇಲಿಟ್ಟರು. ಆಮೇಲೆ ಸೆರಗಿನಲ್ಲಿ ಬಾಯಿ ಒರೆಸಿಕೊಂಡು, "ಮಗೂನ ನಮ್ಮನೆಗೆ ಕೊಡಿ" ಎಂದರು. ನಿಮ್ಮ ಮಗಳ ಮಾತುಕತೆ ಎಂದೆ. ಅದನ್ನು ನಾವು ನೋಡಿಕೊಳ್ಳುತ್ತೇವೆ ಎಂದರು. ತುಮಕೂರಿನವರು ಅವತ್ತಿನಿಂದ ಇನ್ನೂ ಉತ್ತರ ಬರೆದಿಲ್ಲ. ಕಲ್ಯಾಣಮ್ಮ ನನ್ನ ಹತ್ತಿರ ಅದರ ಮಾತೇ ಎತ್ತುವುದಿಲ್ಲ. ನನಗೆ ಅದೊಂದು ಮುಳ್ಳು ಒಳಗೇ ಉಳಿದಿದೆ.

ಅವರು ಕೊಟ್ಟದ್ದನ್ನು ನೋಡಿ ಬೀದಿಯೂ ಒಂದೊಂದಾಗಿ ಬಂತು. ಖಾಲಿ ಸೀಸೆಗಳ ಪೆಟ್ಟಿಗೆ ಇನ್ನೊಂದನ್ನು ನೀನು ಕಳಿಸಿದೆಯಲ್ಲ, ನಾಳೆಯ ಪಾರ್ಸೆಲಿನಲ್ಲಿ ಅದರಿಂದ ಎಪ್ಪತ್ತೊಂದು ತುಂಬಿ ಬರುತ್ತವೆ. ಒಂದೂ ತುಳಸಿ ನೀರಿನದಲ್ಲ. ಕಿಟಕಿಯಲ್ಲಿ ಕೂತು ನಾನೇ ವಿಚಾರಿಸಿದ್ದೇನೆ.

ಗೋದಾಗೆ ಈಗ ರೊಟ್ಟಿ ಬಹಳ ಇಷ್ಟ. ಹಣೆಗೆ ಕಲ್ಯಾಣಮ್ಮನವರ ಮನೆಯ ವಿಭೂತಿ ಇಟ್ಟುಕೊಂಡು ಗೇಟಿಗೆ ಬರುತ್ತಾಳೆ, ಇಲ್ಲಿ ನಾಮದ ತಾತ ನಿಂತಿರುತ್ತಾರೆ. ಹತ್ತಿರ ಬರಬಾರದು ಎಂದು ಅವಳಿಗೆ ಹೇಳಿಕೊಟ್ಟಿದ್ದಾರೆ. ಮೊದಮೊದಲು ಅಳುತ್ತಿದ್ದಳು. ಈಗ ಅಳುವುದಿಲ್ಲ, ಅದನ್ನು ನೋಡಿದರೆ ನನಗೇ ಅಳು ಬರುತ್ತದೆ.

ಮೊನ್ನೆ ಮಂಗಳವಾರ ಎರಡನೆಯ ಸೂಜಿ ಹಾಕಿಸಿದರು. ಬುಧವಾರ, ಗುರುವಾರ ನಾನು ನಿದ್ದೆ ಮಾಡಲಿಲ್ಲ. ನಿಮ್ಮಪ್ಪನೂ ಮಾಡಲಿಲ್ಲ, ಅಡಿಕೋಲನ್ನು ಮೂರು ಸಲ ಒರೆಸಿಟ್ಟರು. ಇವತ್ತು ಬೆಳಗ್ಗೆ ಡಾಕ್ಟರು ಕಲ್ಯಾಣಮ್ಮನವರ ಮನೆಗೆ ಹೋದರು. ನಾನು ಕಿಟಕಿಯ ಸರಳು ಹಿಡಿದುಕೊಂಡು ನಿಂತೆ. ಒಳಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ.

ಕಡೆಗೆ ಕಲ್ಯಾಣಮ್ಮ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಿಗೆ ಬಂದರು. ಗೋದಾಳ ಕಿವಿಯಲ್ಲಿ ಏನೋ ಹೇಳಿದರು. ಅವಳು ತೋಳು ಮೇಲಕ್ಕೆ ಸರಿಸಿ, ಮುಂಗೈ ನನ್ನ ಕಡೆ ತಿರುಗಿಸಿ, ಅಜ್ಜಿ ನೋಡು ಎಂದು ಎತ್ತಿ ಹಿಡಿದಳು. ನಡುವೆ ಇಡೀ ಬೀದಿ ಇತ್ತು. ನನ್ನ ಕಣ್ಣು ಮಂಜು, ನಿನಗೆ ಗೊತ್ತು. ಆದರೂ ಕಂಡಿತು. ಕೈ ಚಪ್ಪಟೆಯಾಗಿತ್ತು ರಂಗನಾಯಕಿ, ಏನೂ ಇರಲಿಲ್ಲ.

ನಾವೆಲ್ಲರೂ ಕ್ಷೇಮ. ಉಳಿದ ಅರ್ಧವನ್ನು ನೀನು ಬರೆ.

ನಿನ್ನ ಅಮ್ಮ,
ಭಾಗೀರಥಮ್ಮ